ಮಗ್ನ, ಲೀನ, ಮಜ್ಜನ: ಸ್ವಲೀನ ಮಕ್ಕಳ ಜಲಚಿಕಿತ್ಸೆಯೂ ಅದರ ಪರಿಭಾಷೆಯೂ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಭೋಸರಿಯು ಪಿಂಪರಿ-ಚಿಂಚವಡ ಮಹಾನಗರಪಾಲಿಕೆಯ ಒಂದು ಭಾಗ. 1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳವು ಸ್ಥಾಪಿತವಾದ ತರುವಾಯ ಈ ಪರಿಸರದ ಹೊಲಗಳಲ್ಲಿ ಕಾರ್ಖಾನೆಗಳೆದ್ದುವು. ಕಾರ್ಖಾನೆಗಳ ಬೆನ್ನಿಗೆ ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಜಿಲ್ಲೆಗಳ ಕನ್ನಡಿಗರು ಬಂದು ನೆಲೆಸಿದರು. ಇಂಥ ಮನೆಯೊಂದರಲ್ಲಿ ಮೂರು ವರ್ಷದ ಕೂಸು ಕರೆದರೆ ತಿರುಗಿ ನೋಡುವುದಿಲ್ಲ, ಮಾತನಾಡುವುದಿಲ್ಲ, ಹರಿಯುವ ನಲ್ಲಿಯ ಮುಂದೆ ಕುಳಿತರೆ ಏಳುವುದಿಲ್ಲ ಎನ್ನಿ. ಅಜ್ಜಿಯು “ತಡಾ ಮಾತಾಡ್ತದ ಬಿಡು, ಅವರಪ್ಪನೂ ಹಂಗ ಇದ್ದ” ಎಂದು ಒಂದು ವರ್ಷವನ್ನು ಕಳೆಯುತ್ತಾಳೆ. ಕೊನೆಗೆ ತಂದೆತಾಯಿಗಳು ವೈದ್ಯರಲ್ಲಿಗೆ ಹೋದಾಗ ಮರಾಠಿಯಲ್ಲಿ ಒಂದು ಹೆಸರು, ಇಂಗ್ಲಿಷಿನಲ್ಲಿ ಒಂದು ಹೆಸರು ಅವರ ಕೈಗೆ ಬರುತ್ತದೆ. ಜೊತೆಗೆ ವಾರಕ್ಕೆ ಇಷ್ಟು ಸಲ ಮಗುವನ್ನು ನೀರಿಗಿಳಿಸಿ ಚಿಕಿತ್ಸೆ ಮಾಡಿಸಬಹುದೆಂಬ ಸಲಹೆಯೂ ಬರಬಹುದು. ಈ ಚಿಕಿತ್ಸೆಯು ಎಷ್ಟರಮಟ್ಟಿಗೆ ಸಾರ್ಥಕ, ಅದನ್ನು ವರ್ಣಿಸುವ ಮಾತುಗಳು ಎಷ್ಟರಮಟ್ಟಿಗೆ ಪ್ರಾಮಾಣಿಕ ಎಂಬೆರಡು ಪ್ರಶ್ನೆಗಳು ಬೇರೆಬೇರೆಯಾಗಿ ತೋರಿದರೂ ಒಂದನ್ನು ಬಿಟ್ಟು ಇನ್ನೊಂದನ್ನು ಬಿಡಿಸಲು ಬರುವುದಿಲ್ಲ. ಮಾತನ್ನು ಮೊದಲು ನೋಡುವುದು ಯುಕ್ತ.

ಆಟಿಸಂ ಎಂಬ ಪದವನ್ನು ಮನೋವೈದ್ಯದೊಳಗೆ ತಂದವನು ಸ್ವಿಟ್ಸರ್ಲೆಂಡಿನ ಯೂಜೆನ್ ಬ್ಲಾಯ್ಲರ್. 1911ರ ತನ್ನ ಗ್ರಂಥದಲ್ಲಿ ಆತನು ಸ್ಕಿಜೋಫ್ರೀನಿಯಾ ರೋಗಿಗಳು ಹೊರಗಿನ ಲೋಕವನ್ನು ಬಿಟ್ಟು ತಮ್ಮೊಳಗೆ ಸರಿದುಕೊಳ್ಳುವುದನ್ನು ಗ್ರೀಕ್ ಭಾಷೆಯ ‘ಆಟೋಸ್’, ಎಂದರೆ ‘ತಾನು’, ಎಂಬ ಮಾತಿನಿಂದ ಸೂಚಿಸಿದನು. 1943ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೊ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಅದೇ ಪದವನ್ನು ಬೇರೊಂದು ಸ್ಥಿತಿಗೆ ಇಟ್ಟನು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರನೂ ಅದನ್ನೇ ಬಳಸಿದನು. ವಯಸ್ಕರ ಒಂದು ರೋಗಲಕ್ಷಣಕ್ಕಾಗಿ ಹುಟ್ಟಿದ ಪದವು ಹುಟ್ಟಿನಿಂದಲೇ ಬೇರೆ ಬಗೆಯಾಗಿ ಬೆಳೆಯುವ ಮಕ್ಕಳಿಗೆ ಹೀಗೆ ಅಂಟಿಕೊಂಡಿತು. ಕ್ಯಾನರನ ಮಕ್ಕಳು ಒಳಗೆ ‘ಸರಿದು’ ಹೋದವರಾಗಿರಲಿಲ್ಲ. ಮೊದಲಿನಿಂದ ಹಾಗೆಯೇ ಇದ್ದವರೆಂದು ಆತನೇ ಒತ್ತಿ ಹೇಳಿದ್ದನು. ಆದರೂ ‘ಸರಿಯುವುದು’ ಎಂಬ ಭಾವವು ಪದದೊಳಗೆ ಉಳಿದೇಬಿಟ್ಟಿತು.

ಭಾರತೀಯ ಭಾಷೆಗಳು ಈ ಪದವನ್ನು ಅನುವಾದಿಸಿಕೊಂಡ ಬಗೆ ಕುತೂಹಲಕರವಾಗಿದೆ. ಮರಾಠಿಯು ‘ಸ್ವಮಗ್ನತಾ’ ಎಂದಿತು. ಹಿಂದಿಯಲ್ಲಿ ‘ಸ್ವಲೀನತಾ’ ಬಂದಿತು. ಕನ್ನಡದಲ್ಲಿ ‘ಸ್ವಲೀನತೆ’ಯು ರೂಢಿಗೆ ಬಂದಿದೆ. ಎರಡೂ ಸಂಸ್ಕೃತದ ಮಾತುಗಳೇ, ಎರಡರಲ್ಲಿಯೂ ನೀರಿದೆ. ‘ಮಗ್ನ’ ಎಂಬುದು ‘ಮಸ್ಜ್’ ಧಾತುವಿನಿಂದ ಬಂದದ್ದು; ಅದರ ಅರ್ಥ ಮುಳುಗುವುದು. ಕನ್ನಡದ ಹಳೆಯ ಗ್ರಂಥಗಳಲ್ಲಿಯೂ ವಚನಗಳಲ್ಲಿಯೂ ಸ್ನಾನವೆಂಬರ್ಥದಲ್ಲಿ ಮತ್ತೆಮತ್ತೆ ಬರುವ ‘ಮಜ್ಜನ’ವು ಅದೇ ಧಾತುವಿನ ಇನ್ನೊಂದು ಕವಲು. ‘ಲೀನ’ದ ಮೂಲವಾದ ‘ಲೀ’ ಧಾತುವಿಗೆ ಅಂಟಿಕೊಳ್ಳುವುದು, ಅಡಗುವುದು, ಕರಗುವುದು ಎಂಬ ಅರ್ಥಗಳಿವೆ. ಉಪ್ಪು ನೀರಿನಲ್ಲಿ ಲೀನವಾಗುತ್ತದೆ. ಆದುದರಿಂದ ಸ್ವಮಗ್ನನು ತನ್ನಲ್ಲಿ ಮುಳುಗಿದವನು, ಸ್ವಲೀನನು ತನ್ನಲ್ಲಿ ಕರಗಿದವನು. ಇಂಥ ಮಗುವನ್ನು ನೀರಿಗಿಳಿಸಿ ಗುಣಪಡಿಸುತ್ತೇವೆಂದಾಗ ಮುಳುಗಿದ್ದನ್ನು ಮುಳುಗಿಸಿ ಮೇಲೆತ್ತುವಂತಾಯಿತು! ಮಾತಿನ ಈ ಆಕಸ್ಮಿಕವು ವಿನೋದವಾಗಿ ತೋರಬಹುದು. ಆದರೆ ‘ತನ್ನ ಲೋಕದಲ್ಲಿ ಮುಳುಗಿದ ಮಗುವನ್ನು ನಮ್ಮ ಲೋಕಕ್ಕೆ ಎತ್ತಿ ತರುವುದು’ ಎಂಬ ಬಗೆಯ ವಾಕ್ಯಗಳು ಚಿಕಿತ್ಸೆಯ ಪ್ರಚಾರಪತ್ರಗಳಲ್ಲಿ ಪದೇ ಪದೇ ಕಾಣುವುದಕ್ಕೆ ಈ ರೂಪಕವೇ ಕಾರಣ. ವೈದ್ಯಶಾಸ್ತ್ರವು ಹಾಗೆ ಹೇಳುವುದಿಲ್ಲ, ಪದವು ಹೇಳಿಸುತ್ತದೆ.

ಕನ್ನಡದ ಹಳೆಯ ವೈದ್ಯಸಾಹಿತ್ಯದಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಮಾತಿದೆ. ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯು ಮಕ್ಕಳ ಬೇನೆಗಳನ್ನು ಕುರಿತು ‘ಬಾಲಗ್ರಹಚಿಕಿತ್ಸೆ’ಯನ್ನು ರಚಿಸಿದನೆಂದು ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ‘ಗ್ರಹ’ವೆಂದರೆ ಹಿಡಿಯುವಂಥದು. ಆ ಕಲ್ಪನೆಯಲ್ಲಿ ಮಗು ತಾನು ಒಳಗೆ ಹೋಗಿಲ್ಲ. ಹೊರಗಿನದೊಂದು ಬಂದು ಅದನ್ನು ಹಿಡಿದಿದೆ. ಇಂದಿನ ತಿಳಿವಳಿಕೆಗೆ ಇದು ಒಪ್ಪತಕ್ಕುದಲ್ಲ. ಅದರ ಹೆಸರಿನಲ್ಲಿ ಮಕ್ಕಳಿಗೆ ಇಟ್ಟ ಬರೆಗಳನ್ನೂ ಕಟ್ಟಿದ ತಾಯಿತಗಳನ್ನೂ ಯಾರೂ ಸಮರ್ಥಿಸಲಾರರು. ಆದರೂ ಹಳೆಯ ಮಾತಿಗಿದ್ದ ಒಂದು ಗುಣವನ್ನು ಕಾಣದಿರಲಾಗದು: ಗ್ರಹವು ಹಿಡಿದ ಮಗುವಿನ ಮೇಲೆ ತಪ್ಪು ಬೀಳುತ್ತಿರಲಿಲ್ಲ. ‘ಸ್ವ’ ಎಂಬ ಪೂರ್ವಪದವು ಬಂದೊಡನೆ ಕರ್ತೃತ್ವವು ಮಗುವಿಗೆ ಸೇರಿತು. ಕೂಸು ತಾನಾಗಿಯೇ ಬಾಗಿಲು ಹಾಕಿಕೊಂಡಿದೆ, ಮನಸ್ಸು ಮಾಡಿದರೆ ತೆರೆದೀತು ಎಂಬ ನಂಬಿಕೆ ಮನೆಮಂದಿಯಲ್ಲಿ ಬೇರೂರುವುದು ಇಲ್ಲಿಂದಲೇ. ಬಾಗಿಲು ಹಾಕಿಕೊಂಡಿದ್ದರೆ, ಹಾಕಿಕೊಳ್ಳುವಂತೆ ಮಾಡಿದವರು ಯಾರು ಎಂಬುದು ಅದರ ಮುಂದಿನ ಪ್ರಶ್ನೆ.

ಆ ಪ್ರಶ್ನೆಗೆ ಪಶ್ಚಿಮದಲ್ಲಿ ಕೊಟ್ಟ ಉತ್ತರವು ಕ್ರೂರವಾಗಿದ್ದಿತು. ತಂದೆತಾಯಿಗಳ, ವಿಶೇಷವಾಗಿ ತಾಯಿಯ, ಪ್ರೀತಿಶೂನ್ಯತೆಯಿಂದ ಮಗು ಹೀಗಾಗುತ್ತದೆಂಬ ವಾದವು 1940ರ ದಶಕದ ಕೊನೆಯಿಂದ ಬೆಳೆದು, 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಬರೆದ ಗ್ರಂಥದಿಂದ ಲೋಕಪ್ರಿಯವಾಯಿತು. ಅದಕ್ಕೂ ಮೂರು ವರ್ಷ ಮುಂಚೆಯೇ, 1964ರಲ್ಲಿ, ಇಂಥದೇ ಒಬ್ಬ ಮಗನ ತಂದೆಯಾದ ಬರ್ನಾರ್ಡ್ ರಿಮ್ಲೆಂಡ್ ಈ ವಾದವನ್ನು ಖಂಡಿಸಿ, ಇದು ನರವ್ಯೂಹದ ಬೆಳವಣಿಗೆಗೆ ಸಂಬಂಧಿಸಿದುದೆಂದು ಪ್ರತಿಪಾದಿಸಿದ್ದನು. ಇಂದು ತಾಯಿಯನ್ನು ದೂರುವ ವಾದವನ್ನು ವಿಜ್ಞಾನವು ಸಂಪೂರ್ಣವಾಗಿ ಕೈಬಿಟ್ಟಿದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಇದನ್ನು ನರವಿಕಾಸದ ಸ್ಥಿತಿಯೆಂದೇ ನಿರೂಪಿಸುತ್ತದೆ. 1995ರ ಹಳೆಯ ಅಧಿನಿಯಮದ ಏಳು ವಿಕಲತೆಗಳಲ್ಲಿ ಇದರ ಹೆಸರೇ ಇರಲಿಲ್ಲವೆಂಬುದನ್ನು ನೆನೆದರೆ, ಕಾನೂನು ಎಷ್ಟು ತಡವಾಗಿ ಈ ಮಕ್ಕಳನ್ನು ಕಂಡಿತೆಂಬುದು ತಿಳಿಯುತ್ತದೆ. ವಿಜ್ಞಾನ ಕೈಬಿಟ್ಟ ವಾದವನ್ನು ಓಣಿಯು ಮಾತ್ರ ಇನ್ನೂ ಬಿಟ್ಟಿಲ್ಲ. ಊರು ಬಿಟ್ಟು ಬಂದ ಚಿಕ್ಕ ಸಂಸಾರದಲ್ಲಿ, ಹಗಲೆಲ್ಲ ಕೂಸಿನೊಡನೆ ಒಬ್ಬಳೇ ಇರುವ ತಾಯಿಗೆ “ನೀ ಮಾತಾಡ್ಸಿಲ್ಲ, ಅದಕ್ಕ ಹಿಂಗಾಗೇದ” ಎಂಬ ಮಾತು ಎರಡೂ ಕಡೆಯ ಬಂಧುಗಳಿಂದ ದೂರವಾಣಿಯಲ್ಲಿ ಬರುತ್ತಲೇ ಇರುತ್ತದೆ.

ಇನ್ನೊಂದು ಕೇಡು ಮೇಲ್ನೋಟಕ್ಕೆ ಗೌರವದ ರೂಪದಲ್ಲಿ ಬರುತ್ತದೆ. ಧ್ಯಾನಮಗ್ನ, ತಲ್ಲೀನ, ಲಿಂಗಲೀನ ಎಂಬ ಮಾತುಗಳು ಈ ನಾಡಿನ ಅಧ್ಯಾತ್ಮದಲ್ಲಿ ಶ್ರೇಷ್ಠಪದವಿಗಳು. ಭೋಸರಿಯಿಂದ ಹೆಚ್ಚು ದೂರವಿಲ್ಲದ ಆಳಂದಿಯಲ್ಲಿ, ಇಂದ್ರಾಯಣಿಯ ದಂಡೆಯ ಮೇಲೆ, 1296ರಲ್ಲಿ ಸಮಾಧಿಸ್ಥನಾದ ಜ್ಞಾನೇಶ್ವರನ ಸ್ಮರಣೆ ನಿತ್ಯ ನಡೆಯುತ್ತಿದೆ. ಇಂಥ ಪರಿಸರದಲ್ಲಿ ‘ಸ್ವಮಗ್ನ’ವೆಂಬ ಹೆಸರು ಕೇಳಿದ ಮುಗ್ಧರು ಮಗುವನ್ನು ಪೂರ್ವಜನ್ಮದ ಯೋಗಿಯೆಂದು ಭಾವಿಸಿದರೆ ಆಶ್ಚರ್ಯವೇನು? ಹಲ್ಲು ನೋಯುತ್ತಿದೆಯೆಂದು ಹೇಳಲು ಬಾರದೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವ ಮಗುವಿಗೆ ಈ ಗೌರವದಿಂದ ಏನೂ ಪ್ರಯೋಜನವಿಲ್ಲ.

ಹೆಸರಿನ ಭಾರದಿಂದ ಹೊರಗೆ ಆ ಜೀವನ ಹೇಗಿರಬಹುದೆಂಬುದಕ್ಕೆ ಕ್ಯಾನರನ ಮೊದಲ ಬಾಲಕನೇ ಸಾಕ್ಷಿ. 1943ರ ಲೇಖನದಲ್ಲಿ ಮೊದಲನೆಯ ವೃತ್ತಾಂತವಾಗಿ ಬಂದ ಡೊನಾಲ್ಡ್ ಟ್ರಿಪ್ಲೆಟ್ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವನು. ಬೆಳೆದು ಪದವಿ ಪಡೆದು, ತಾಯಿಯ ಕಡೆಯವರ ಬ್ಯಾಂಕಿನಲ್ಲಿಯೇ ಹಲವು ದಶಕಗಳ ಕಾಲ ಕೆಲಸ ಮಾಡಿದನು. ಗಾಲ್ಫ್ ಆಡಿದನು, ದೇಶಗಳನ್ನು ಸುತ್ತಿದನು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಲೆಕ್ಕದ ಪುಸ್ತಕದ ಮುಂದೆ ಕುಳಿತ ಗುಮಾಸ್ತನ ತನ್ಮಯತೆಗೆ ಬ್ಯಾಂಕಿನಲ್ಲಿ ಯಾರೂ ರೋಗವೆನ್ನುವುದಿಲ್ಲವೆಂಬುದು ಬೇರೆ ಮಾತು. ಆತನ ಮನೆಯವರು ಅನುಕೂಲಸ್ಥರಾಗಿದ್ದರೆಂಬುದನ್ನು ಮರೆಯಬಾರದು. ಆದರೆ ಊರಿನವರು ಆತನನ್ನು ಇದ್ದಂತೆಯೇ ತಮ್ಮವನೆಂದು ಸೇರಿಸಿಕೊಂಡರೆಂಬುದೂ ಅಷ್ಟೇ ನಿಜ.

ಇನ್ನು ಚಿಕಿತ್ಸೆಯ ಹೆಸರು. ಆಕ್ಯುಪೇಶನಲ್ ಥೆರಪಿಯನ್ನು ಮರಾಠಿಯಲ್ಲಿ ‘ವ್ಯವಸಾಯೋಪಚಾರ’ವೆನ್ನುತ್ತಾರೆ, ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’, ‘ವೃತ್ತಿಚಿಕಿತ್ಸೆ’ ಎಂಬ ಮಾತುಗಳು ಕಾಣುತ್ತವೆ. ಯಂತ್ರಗಳ ಸದ್ದಿನ ನಡುವೆ ‘ಔದ್ಯೋಗಿಕ’ವೆಂಬ ಫಲಕಗಳನ್ನು ದಿನವೂ ಓದುವ ಭೋಸರಿಯ ಕಾರ್ಮಿಕನಿಗೆ ತನ್ನ ನಾಲ್ಕು ವರ್ಷದ ಮಗುವಿಗೆ ಔದ್ಯೋಗಿಕ ಚಿಕಿತ್ಸೆ ಬೇಕೆಂದರೆ ಏನು ಅರ್ಥವಾದೀತು? ಮರಾಠಿಯ ‘ವ್ಯವಸಾಯ’ವು ಉದ್ಯೋಗವನ್ನು ಸೂಚಿಸಿದರೆ, ಕನ್ನಡದ ‘ವ್ಯವಸಾಯ’ವು ನೇರವಾಗಿ ಹೊಲಕ್ಕೇ ಹೋಗುತ್ತದೆ. ಮೂಲದಲ್ಲಿ ಈ ಶಾಸ್ತ್ರದ ‘ಆಕ್ಯುಪೇಶನ್’ ಎಂಬುದು ಸಂಬಳದ ಕೆಲಸವಲ್ಲ. ಮನುಷ್ಯನ ಹೊತ್ತನ್ನು ತುಂಬುವ ಎಲ್ಲ ಸಾರ್ಥಕ ಕ್ರಿಯೆಗಳೂ ಅದರಲ್ಲಿ ಸೇರುತ್ತವೆ. ಮಗುವಿನ ಪಾಲಿಗೆ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಆಡುವುದು, ನಿದ್ರಿಸುವುದು ಇವೇ ಅದರ ಉದ್ಯೋಗ. ಅಮೆರಿಕದಲ್ಲಿ 1917ರಲ್ಲಿ ಈ ಚಿಕಿತ್ಸಕರ ಮೊದಲ ಸಂಘವು ಸ್ಥಾಪಿತವಾಯಿತು. ಭಾರತಕ್ಕೆ ಇದನ್ನು ತಂದ ಕಮಲಾ ನಿಂಬಕರರು ಅಮೆರಿಕದಲ್ಲಿ ಹುಟ್ಟಿ ಮಹಾರಾಷ್ಟ್ರದ ಸೊಸೆಯಾಗಿ ಬಂದವರು. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ಆರಂಭಿಸಿದ ಶಾಲೆಯೇ ಈ ದೇಶದ ಮೊದಲನೆಯದು. ಎಪ್ಪತ್ತೈದು ವರ್ಷ ಕಳೆದರೂ ಕನ್ನಡದಲ್ಲಿ ಇದಕ್ಕೊಂದು ಒಪ್ಪುವ ಹೆಸರು ನೆಲೆಗೊಂಡಿಲ್ಲ. ‘ಕಾಯಕ’ವನ್ನು ಬಳಸಬಹುದೆಂದು ಕೆಲವರಿಗೆ ತೋರಬಹುದು, ಮಾತು ಸುಂದರವಾಗಿದೆ, ಕಾಯವೂ ಅದರಲ್ಲಿದೆ. ಆದರೆ ಕಾಯಕಕ್ಕೆ ವ್ರತದ ತೂಕವಿದೆ. ಚಮಚೆ ಹಿಡಿಯಲು ಕಲಿಯುವ ಕೂಸಿನ ಮೇಲೆ ಅದನ್ನು ಹೊರಿಸುವುದು ಯೋಗ್ಯವಲ್ಲ. ‘ದಿನಚರಿಯ ಚಿಕಿತ್ಸೆ’ ಎಂದರೆ ಶಬ್ದಕ್ಕೆ ಘನತೆ ಸಾಲದಾದೀತು, ಅರ್ಥವಂತೂ ಮನೆಗೆ ಮುಟ್ಟುತ್ತದೆ.

‘ಜಲಚಿಕಿತ್ಸೆ’ಯ ತೊಡಕು ಬೇರೆ ಬಗೆಯದು. ಈ ಪದವು ಪುಣೆಯ ಸುತ್ತಿನ ಓದುಗರಿಗೆ ಹಳೆಯ ಪರಿಚಯದ್ದು. 1946ರಲ್ಲಿ ಗಾಂಧೀಜಿಯವರು ಉರುಳಿಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಸ್ಥಾಪಿಸಿದರು. ಜರ್ಮನಿಯ ಲೂಯಿ ಕೂನೆಯ ಕಟಿಸ್ನಾನದಲ್ಲಿ ಅವರಿಗಿದ್ದ ವಿಶ್ವಾಸ ಪ್ರಸಿದ್ಧವಾದುದು. ಆ ಪದ್ಧತಿಯಲ್ಲಿ ನೀರೇ ಔಷಧ. ಅದು ದೇಹದ ಕಲ್ಮಷವನ್ನು ಹೊರಹಾಕುತ್ತದೆಂಬ ಸಿದ್ಧಾಂತ ಅದರ ಹಿಂದಿದೆ. ಮಕ್ಕಳನ್ನು ಕೊಳಕ್ಕಿಳಿಸುವ ಚಿಕಿತ್ಸಕನು ಹಾಗೆ ಹೇಳುವುದಿಲ್ಲ, ಹೇಳಿದರೆ ಆತನನ್ನು ನಂಬಬಾರದು. ಇಲ್ಲಿ ನೀರು ಔಷಧವಲ್ಲ. ಕೆಲಸ ನಡೆಯುವ ಸ್ಥಳ.

ಆ ಸ್ಥಳಕ್ಕೆ ವಿಶೇಷ ಗುಣಗಳಿವೆಯೆಂಬುದರಲ್ಲಿ ಸಂದೇಹವಿಲ್ಲ. ಆರ್ಕಿಮಿಡೀಸನ ನಿಯಮದಂತೆ ನೀರು ಮುಳುಗಿದ ವಸ್ತುವನ್ನು ಮೇಲಕ್ಕೊತ್ತುತ್ತದೆ: ಸೊಂಟಮಟ್ಟದ ನೀರಿನಲ್ಲಿ ನಿಂತವನ ಕಾಲಿನ ಮೇಲೆ ಅರ್ಧದಷ್ಟು, ಕೊರಳಮಟ್ಟದ ನೀರಿನಲ್ಲಿ ಹತ್ತರಲ್ಲೊಂದರಷ್ಟು ಭಾರ ಮಾತ್ರ ಬೀಳುತ್ತದೆ. ಒತ್ತಡವು ಆಳದೊಂದಿಗೆ ಹೆಚ್ಚುತ್ತ, ಮೈಯನ್ನು ಎಲ್ಲ ಕಡೆಯಿಂದಲೂ ಏಕಪ್ರಕಾರವಾಗಿ ಅಪ್ಪಿಕೊಳ್ಳುತ್ತದೆ. ಬೀಸಿದ ಕೈಗೆ ನೀರಿನ ಎದುರೊತ್ತು ಸಿಕ್ಕುವುದರಿಂದ ಕೈ ಎಲ್ಲಿದೆ, ಎತ್ತ ಹೋಗುತ್ತಿದೆ ಎಂಬ ಅರಿವು ಮೂಡುತ್ತದೆ. ಸ್ಪರ್ಶ, ಸಮತೋಲ, ಅಂಗಗಳ ಇರವಿನ ಅರಿವು ಇವು ಮಿದುಳಿನಲ್ಲಿ ಸರಿಯಾಗಿ ಕೂಡಿಬರದಿದ್ದರೆ ಮಗು ಕಂಗಾಲಾಗುತ್ತದೆಂಬ ವಾದವನ್ನು ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರ ತನ್ನ ಗ್ರಂಥದಲ್ಲಿ ಮಂಡಿಸಿದಳು. ಬಿಗಿಯಾಗಿ ಅಪ್ಪಿಕೊಂಡರೆ ಶಾಂತವಾಗುವ, ಮೆಲ್ಲಗೆ ಮುಟ್ಟಿದರೆ ಕಿರುಚುವ ಮಕ್ಕಳಿಗೆ ನೀರು ಹಿತವಾಗುವುದೇಕೆಂಬುದನ್ನು ಈ ವಾದದ ಮೇಲೆಯೇ ವಿವರಿಸುತ್ತಾರೆ. ನೀರಿನಲ್ಲಿ ಕಲಿಸುವ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖನಾದ ಜೇಮ್ಸ್ ಮ್ಯಾಕ್‌ಮಿಲನ್ ವೈದ್ಯನಲ್ಲ, ದ್ರವಗಳ ಚಲನೆಯನ್ನು ಬಲ್ಲ ಎಂಜಿನಿಯರ್. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಬಾಲಕಿಯರಿಗೆ ಈಸು ಕಲಿಸುತ್ತ ಆತನು ಕಟ್ಟಿದ ಹತ್ತು ಮೆಟ್ಟಿಲಿನ ಕ್ರಮದಲ್ಲಿ ಮೊದಲನೆಯದು ಕೈಕಾಲಿನ ಚಲನೆಯಲ್ಲ. ನೀರಿಗೆ ಮನಸ್ಸು ಹೊಂದಿಕೊಳ್ಳುವುದು, ಮುಖದ ಹತ್ತಿರ ನೀರು ಬಂದಾಗ ಉಸಿರು ಊದುವುದು. ಪ್ರತಿ ಮಗುವಿಗೂ ಒಬ್ಬ ಜೊತೆಗಾರ, ತೇಲಿಸುವ ಸಾಧನವಿಲ್ಲ. ಉತ್ತರ ಕರ್ನಾಟಕದ ಬಾವಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮಕ್ಕಳನ್ನು ದೂಡುತ್ತಿದ್ದ ಪದ್ಧತಿಗೆ ಇದು ನೇರ ವಿರುದ್ಧವಾದುದು.

ಇಲ್ಲಿಯವರೆಗಿನದು ಗುಣವರ್ಣನೆ. ಪ್ರಮಾಣದ ವಿಷಯಕ್ಕೆ ಬಂದರೆ ಜಮೆಗಿಂತ ಖರ್ಚೇ ಮುಂದಿದೆ. 2006ರಲ್ಲಿ ವಾಂಡರ್ ಹಲ್ಸ್ ಮೊದಲಾದವರು ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಪದೇ ಪದೇ ಉಲ್ಲೇಖಗೊಳ್ಳುತ್ತದೆ. ಆದರೆ ಅದರಲ್ಲಿರುವುದು ನೀರಿನಲ್ಲಿ ಚಿಕಿತ್ಸೆ ಮಾಡುವ 18 ಮಂದಿ ಆಕ್ಯುಪೇಶನಲ್ ಥೆರಪಿಸ್ಟರ ಅಭಿಪ್ರಾಯ. ಮಾರುವವನನ್ನೇ ಮಾಲಿನ ಗುಣ ಕೇಳಿದಂತಾಯಿತು. 2010ರಲ್ಲಿ ತೈವಾನಿನ ಚಿಯೆನ್-ಯು ಪಾನ್ ನಡೆಸಿದ ಅಧ್ಯಯನವು ಹೆಚ್ಚು ಶಿಸ್ತಿನದು: 16 ಬಾಲಕರು, ಹತ್ತು ವಾರದ ಈಸಿನ ಶಿಕ್ಷಣ, ಕಲಿತವರನ್ನು ಕಲಿಯದವರೊಡನೆ ಹೋಲಿಕೆ. ಈಸಿನ ಕೌಶಲ ಹೆಚ್ಚಿತು, ಕೆಲವು ಸಾಮಾಜಿಕ ನಡವಳಿಕೆಗಳೂ ಸುಧಾರಿಸಿದುವು. ಆದರೆ ಸಂಖ್ಯೆ ಹದಿನಾರು ಮಾತ್ರ. 2014ರಲ್ಲಿ ಆಸ್ಟ್ರೇಲಿಯದ ಮಾರ್ಟಿಮರ್ ಮೊದಲಾದವರು ಪ್ರಕಟವಾದುದನ್ನೆಲ್ಲ ಜಾಲಿಸಿ ನೋಡಿದಾಗ ಅವರ ಪರೀಕ್ಷೆಗೆ ನಿಂತ ಅಧ್ಯಯನಗಳು ನಾಲ್ಕೇ. ಆಶೆಗೆ ಎಡೆಯಿದೆ, ನಿರ್ಣಯಕ್ಕಿಲ್ಲ ಎಂಬುದು ಅವರ ತಾತ್ಪರ್ಯ. ಏರ್ಸ್‌ಳ ಮೂಲ ಸಿದ್ಧಾಂತದ ಮೇಲೆ ನಿಂತ ಚಿಕಿತ್ಸೆಯ ಕುರಿತೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2012ರಲ್ಲಿ, ಸಂಶೋಧನೆ ಸೀಮಿತವಾಗಿದೆ, ಸಿದ್ಧವಾದುದೆನ್ನಲು ಬಾರದು, ಪ್ರಯೋಜನ ಕಾಣದಿದ್ದರೆ ಬಿಡಬೇಕು ಎಂದು ತಂದೆತಾಯಿಗಳಿಗೆ ತಿಳಿಹೇಳುವಂತೆ ವೈದ್ಯರಿಗೆ ಸೂಚಿಸಿತು. ‘ನೀರು ಸ್ವಲೀನತೆಯನ್ನು ಗುಣಪಡಿಸುತ್ತದೆ’ ಎಂಬ ವಾಕ್ಯಕ್ಕೆ ಇವುಗಳಲ್ಲಿ ಎಲ್ಲಿಯೂ ಆಧಾರವಿಲ್ಲ. ಗುಣಪಡಿಸುವ ರೋಗವೇ ಇದಲ್ಲವೆಂಬುದು ಅದಕ್ಕೂ ಹಿಂದಿನ ಮಾತು. 1993ರಲ್ಲಿ ಸ್ವತಃ ಈ ಸ್ಥಿತಿಯವನಾದ ಜಿಮ್ ಸಿಂಕ್ಲೇರ್ ತಂದೆತಾಯಿಗಳ ಸಭೆಯಲ್ಲಿ, ತಮಗಾಗಿ ಶೋಕಿಸಬೇಡಿರೆಂದು ಹೇಳಿದುದು ಇದೇ ಅರ್ಥದಲ್ಲಿ.

ಹಾಗಾದರೆ ಮಗುವನ್ನು ನೀರಿಗಿಳಿಸುವುದು ವ್ಯರ್ಥವೆಂದು ತಿಳಿಯಬಾರದು. ಇಳಿಸಲು ಇರುವ ಪ್ರಬಲ ಕಾರಣವನ್ನು ಪ್ರಚಾರಪತ್ರಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ. 2017ರಲ್ಲಿ ಅಮೆರಿಕದ ಗುವಾನ್ ಮತ್ತು ಲೀ ಎಂಬ ಸಂಶೋಧಕರು ಮರಣದಾಖಲೆಗಳನ್ನು ಪರಿಶೀಲಿಸಿ, ಹದಿನೈದು ವರ್ಷಕ್ಕಿಂತ ಕೆಳಗಿನ ಸ್ವಲೀನ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವವು ಇತರ ಮಕ್ಕಳಿಗಿಂತ 160 ಪಟ್ಟು ಎಂದು ಕಂಡುಕೊಂಡರು. ಈ ಮಕ್ಕಳಲ್ಲಿ ಹಲವರು ಹೇಳದೆ ಕೇಳದೆ ಮನೆಯಿಂದ ನಡೆದುಬಿಡುತ್ತಾರೆ, ಹೊಳೆಯುವ ನೀರಿನ ಕಡೆಗೆ ಹೋಗುತ್ತಾರೆ, ಆಳದ ಭಯ ಅವರಿಗಿಲ್ಲ, ಕೂಗಿ ಕರೆಯುವ ಮಾತೂ ಇಲ್ಲ. ಭೋಸರಿಯಲ್ಲಿ ಕೆರೆಯಿದೆ, ಉತ್ತರಕ್ಕೆ ಇಂದ್ರಾಯಣಿಯಿದೆ, ಕಟ್ಟಡ ಕಟ್ಟುವಲ್ಲೆಲ್ಲ ತೆರೆದ ನೀರಿನ ತೊಟ್ಟಿಗಳಿವೆ. ಆದುದರಿಂದ ಈಸು ಕಲಿಸುವುದು, ಹೊರಳಿ ಅಂಗಾತನಾಗಿ ತೇಲಲು ಕಲಿಸುವುದು, ಅಂಚನ್ನು ಹಿಡಿದು ಮೇಲೆ ಹತ್ತಲು ಕಲಿಸುವುದು ಚಿಕಿತ್ಸೆಯೆಂಬ ಹೆಸರಿಲ್ಲದೆಯೇ ಮಾಡತಕ್ಕ ಕೆಲಸಗಳು. ‘ಸ್ವಮಗ್ನ’ ಎಂಬ ರೂಪಕದಲ್ಲಿ ಮುಳುಗಿದ ಮಗುವಿನ ಚಿಂತೆಯಲ್ಲಿ, ನಿಜವಾದ ನೀರಿನಲ್ಲಿ ಮುಳುಗುವ ಮಗುವು ವಿದ್ವಾಂಸರ ಕಣ್ಣಿಗೆ ಬೀಳದೆ ಹೋಯಿತು. ಇದರೊಡನೆ ಇನ್ನೊಂದು ಎಚ್ಚರಿಕೆಯೂ ಸಲ್ಲುತ್ತದೆ. ಈ ಮಕ್ಕಳಲ್ಲಿ ಮೂರ್ಛೆರೋಗವು ಇತರರಿಗಿಂತ ಹೆಚ್ಚು. ಆ ವಿಷಯವನ್ನು ಕೇಳದೆಯೇ ಮಗುವನ್ನು ನೀರಿಗಿಳಿಸುವ ಕೇಂದ್ರಕ್ಕೆ ಎರಡನೆಯ ಸಲ ಹೋಗಬೇಕಾಗಿಲ್ಲ.

ಸ್ಥಳೀಯ ವಾಸ್ತವವನ್ನು ಬಿಟ್ಟು ಈ ವಿಮರ್ಶೆ ಪೂರ್ಣವಾಗಲಾರದು. ಗ್ರಂಥಗಳು ಹೇಳುವ ಚಿಕಿತ್ಸೆಯ ಕೊಳದಲ್ಲಿ ನೀರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು, ಸುತ್ತಲೂ ಸದ್ದಿರಬಾರದು. ಪಾಲಿಕೆಗಳು ನಡೆಸುವ ಈಜುಕೊಳಗಳು ಕಟ್ಟಿದ್ದು ಈಸುವವರಿಗಾಗಿ. ಬೇಸಗೆಯಲ್ಲಿ ತಂಡತಂಡವಾಗಿ ಬರುವ ಹುಡುಗರ ಕೇಕೆ, ಶಿಕ್ಷಕನ ಸೀಟಿ, ಕ್ಲೋರಿನ್ನಿನ ವಾಸನೆ, ಹೆಂಚುಗೋಡೆಗೆ ಬಡಿದು ಬರುವ ಪ್ರತಿಧ್ವನಿ ಇವುಗಳ ನಡುವೆ ಸದ್ದಿಗೆ ಅಂಜುವ ಮಗುವಿಗೆ ನೀರು ಹಿತವಾಗುವ ಮೊದಲೇ ಕೊಳವು ನರಕವಾಗುತ್ತದೆ. ಡಿಸೆಂಬರಿನಲ್ಲಂತೂ ಪುಣೆಯ ನೀರು ದೊಡ್ಡವರಿಗೇ ಕೊರೆಯುತ್ತದೆ. ಬೆಚ್ಚನೆಯ ಖಾಸಗಿ ಕೊಳದ ಶುಲ್ಕವು ಗುತ್ತಿಗೆ ಕಾರ್ಮಿಕನ ಕೈಗೆ ಎಟುಕುವಂಥದಲ್ಲ. ಈ ಅಂತರವನ್ನು ತುಂಬುವ ಉಪಾಯವು ಮಾತ್ರ ಶಾಸ್ತ್ರದೊಳಗೇ ಇದೆ. ದಿನಚರಿಯ ಚಿಕಿತ್ಸೆಯೆಂಬ ಅರ್ಥವನ್ನು ಹಿಡಿದರೆ, ಕೊಳದಲ್ಲಿ ಕಳೆದ ಅರ್ಧ ತಾಸಿಗಿಂತ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಳೆದ ಕಾಲು ತಾಸು ಹೆಚ್ಚಿನದು: ಗುಂಡಿ ಬಿಚ್ಚುವುದು, ಒದ್ದೆ ಚಡ್ಡಿಯನ್ನು ಕಳಚುವುದು, ಮೈ ಒರಸಿಕೊಳ್ಳುವುದು, ಎಡಬಲ ಚಪ್ಪಲಿ ಗುರುತಿಸುವುದು, ತನ್ನ ಸರದಿಗೆ ಕಾಯುವುದು. ಸಮಯ ಸಾಲದೆಂದು ಇವನ್ನೆಲ್ಲ ತಾಯಿಯೇ ಗಡಿಬಿಡಿಯಿಂದ ಮಾಡಿಬಿಟ್ಟರೆ ಉಳಿದದ್ದು ಈಜು ಮಾತ್ರ, ಚಿಕಿತ್ಸೆಯಲ್ಲ. ಇವೆಲ್ಲವೂ ಬಚ್ಚಲಮನೆಯಲ್ಲಿ ದಿನವೂ ನಡೆಯಬಲ್ಲ ಕೆಲಸಗಳೇ. ತಂಬಿಗೆಯಿಂದ ತಂಬಿಗೆಗೆ ಸುರಿಯುವುದು, ಒದ್ದೆಬಟ್ಟೆಯನ್ನು ಹಿಂಡುವುದು, ತುಂಬಿದ ಚರಿಗೆಯನ್ನು ತುಳುಕದಂತೆ ಒಯ್ಯುವುದು ಇವಕ್ಕೆ ಶುಲ್ಕವಿಲ್ಲ. ಆದರೆ ನೀರು ಬೇಕು. 2019ರ ನವೆಂಬರಿನಲ್ಲಿ ಪಿಂಪರಿ-ಚಿಂಚವಡ ಪಾಲಿಕೆಯು ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿಯನ್ನು ಜಾರಿಗೆ ತಂದಿತು; ಹನಿಹನಿ ಕೂಡಿಡುವ ಮನೆಯಲ್ಲಿ ಮಗು ನೀರಾಟಕ್ಕೆ ಕುಳಿತರೆ ಬೈಗುಳೇ ಮೊದಲು ಬರುತ್ತದೆ.

ಬಚ್ಚಲೆಂದೊಡನೆ ಕನ್ನಡಿಗರಿಗೆ ಕೂಸನ್ನು ಎರೆಯುವ ಪದ್ಧತಿ ನೆನಪಾಗದಿರದು. ಅಜ್ಜಿಯು ಮಣೆಯ ಮೇಲೆ ಕುಳಿತು ಎರಡೂ ಕಾಲುಗಳನ್ನು ನೀಡಿ, ಅವುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರನ್ನು ಧಾರೆಯಾಗಿ ಸುರಿಯುವ ಕ್ರಮದಲ್ಲಿ ಒತ್ತಡ, ಬಿಸುಪು, ಲಯ, ಹಾಡು ಎಲ್ಲವೂ ಇವೆ. ಇದನ್ನು ಕಂಡು, ಪಶ್ಚಿಮದವರು ಇಂದು ಹೇಳುವುದನ್ನು ನಮ್ಮ ಅಜ್ಜಿಯರು ಅಂದೇ ಬಲ್ಲವರಾಗಿದ್ದರು ಎಂದು ಬರೆಯುವವರು ಹೊರಡಬಹುದು. ಅಂಥ ಬರವಣಿಗೆಯಿಂದ ದೂರವಿರುವುದು ಮೇಲು. ಎರೆಯುವುದು ಎಲ್ಲ ಕೂಸುಗಳಿಗೂ ಮಾಡುವ ಉಪಚಾರ. ಯಾವ ಕೂಸು ಬೇರೆಯೆಂದು ಗುರುತಿಸುವ ಕಣ್ಣು ಅದರಲ್ಲಿಲ್ಲ. ಬಿಸಿನೀರಿನ ಧಾರೆಗೆ ಬೆದರಿ ಅರಚುವ ಕೂಸನ್ನು ಬಿಗಿಹಿಡಿದು ಎರೆದದ್ದೂ ಉಂಟು. ಅದರಿಂದ ತೆಗೆದುಕೊಳ್ಳತಕ್ಕುದು ಮಾತಿನ ಸಂಪತ್ತು. ಎರೆ, ಸುರಿ, ಅದ್ದು, ತೊಯ್ಯಿ, ಹಿಂಡು, ತೇಲು, ಮುಳುಗು, ಈಸು, ಊದು: ಎರಡು ಮೂರು ಅಕ್ಷರದ, ಮೈಗೆ ನೇರವಾಗಿ ತಾಕುವ ಈ ಕ್ರಿಯಾಪದಗಳು ಕೂಸು ಕಲಿಯಬಹುದಾದ ಮೊದಲ ಮಾತುಗಳು. ನೀರಿನಲ್ಲಿ ಮಾತೂ ಕ್ರಿಯೆಯೂ ಒಂದೇ ಕ್ಷಣದಲ್ಲಿ ಕೂಡುವುದರಿಂದ ಅರ್ಥ ಹತ್ತುವುದು ಸುಲಭ.

ಹೊರನಾಡ ಕನ್ನಡಿಗರ ನಿಜವಾದ ಸಂಕಟವಿರುವುದು ಇಲ್ಲಿ. ಭೋಸರಿಯ ಕೂಸಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಾತು ಬಾರದ ಮಗುವಿಗೆ ಒಂದೇ ಭಾಷೆ ಸಾಕು, ಮನೆಯ ಭಾಷೆಯನ್ನು ಬಿಡಿರಿ ಎಂಬ ಸಲಹೆಯನ್ನು ಇಂಥ ಸಂಸಾರಗಳು ಹಲವೆಡೆ ಕೇಳಿವೆ. ತಾಯಿಯು ಮಗುವಿನ ಹಿತಕ್ಕಾಗಿ ತಾನು ಚೆನ್ನಾಗಿ ಬಲ್ಲ ಭಾಷೆಯನ್ನು ಬಿಟ್ಟು, ತನಗೆ ಅರೆಬರೆಯಾಗಿ ಬರುವ ಭಾಷೆಯಲ್ಲಿ ನಾಲ್ಕು ಆಜ್ಞಾವಾಕ್ಯಗಳನ್ನು ಮಾತ್ರ ಆಡತೊಡಗುತ್ತಾಳೆ. ಹಾಡು, ಲಲ್ಲೆ, ಗದರಿಕೆ ಎಲ್ಲ ನಿಂತುಹೋಗುತ್ತವೆ. 2012ರಲ್ಲಿ ಕೆನಡದ ಹ್ಯಾಂಬ್ಲಿ ಮತ್ತು ಫಾಂಬಾನ್ ಎರಡು ಭಾಷೆಗಳ ಮನೆಯ ಸ್ವಲೀನ ಮಕ್ಕಳನ್ನು ಒಂದೇ ಭಾಷೆಯ ಮನೆಯ ಮಕ್ಕಳೊಡನೆ ಹೋಲಿಸಿ, ಎರಡನೆಯ ಭಾಷೆಯಿಂದ ಹೆಚ್ಚಿನ ವಿಳಂಬವೇನೂ ಆಗುವುದಿಲ್ಲವೆಂದು ತೋರಿಸಿದರು. ಅನಂತರದ ಅಧ್ಯಯನಗಳೂ ಇದನ್ನೇ ಪುಷ್ಟೀಕರಿಸಿವೆ. ಆದುದರಿಂದ ಕನ್ನಡವನ್ನು ತ್ಯಜಿಸಲು ವೈದ್ಯಕೀಯವಾದ ಕಾರಣವಿಲ್ಲ. ಕನ್ನಡಾಭಿಮಾನಿಗಳು ಇದನ್ನು ಜಯವೆಂದು ಸಾರುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ: ಆ ತಾಯಿಯು ಕನ್ನಡದಲ್ಲಿ ಓದಬಯಸಿದರೆ ಅವಳ ಕೈಗೆ ಕೊಡಲು ಏನಿದೆ? ಮನಸ್ಸಿನ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಬರೆದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ಬೆಂಗಳೂರಿನ ಸಿ. ಆರ್. ಚಂದ್ರಶೇಖರ್ ಮನೋವೈದ್ಯವನ್ನು ಕುರಿತು ಹಲವಾರು ಪುಸ್ತಕಗಳನ್ನು ಬರೆದಿದ್ದಾರೆ. ಆ ಪರಂಪರೆಯು ಹೊರನಾಡಿನ ಈ ಮನೆಗಳವರೆಗೆ ಬಂದಿಲ್ಲ. ಸಂಘಗಳ ಕಪಾಟುಗಳಲ್ಲಿ ಕಾವ್ಯಮೀಮಾಂಸೆಗೆ ಕೊರತೆಯಿಲ್ಲ.

ಹೆಸರಿನ ಪ್ರಶ್ನೆಗೆ ಮರಳುವುದಾದರೆ, ‘ಸ್ವಲೀನತೆ’ಯು ಈಗಾಗಲೇ ಬರವಣಿಗೆಯಲ್ಲಿ ಬೇರೂರಿರುವುದರಿಂದ ಅದನ್ನು ಕೀಳುವ ಯತ್ನ ನಿಷ್ಫಲ. ಮನೆಯ ಮಾತಿನಲ್ಲಿ ‘ಆಟಿಸಂ’ ಎಂದೇ ಹೇಳುವುದು ನಿರಪಾಯ. ಆ ಮಾತಿಗೆ ಕನ್ನಡದಲ್ಲಿ ಧಾತುವಿಲ್ಲ, ಧಾತುವಿಲ್ಲದ್ದರಿಂದ ದೂರೂ ಇಲ್ಲ; ಕಿವಿಗೆ ಬೀಳುವುದು ‘ಆಟ’ ಮಾತ್ರ. ನಲ್ಲಿಯ ಮುಂದೆ ಕುಳಿತ ಕೂಸು ಬೆರಳ ನಡುವೆ ನೀರನ್ನು ಹಾಯಿಸುತ್ತ ನೂರನೆಯ ಸಲ ಮಾಡುತ್ತಿರುವುದೂ ಅದನ್ನೇ. ತಾಯಿಯು ಅದರ ಪಕ್ಕದಲ್ಲಿ ಕುಳಿತು, ತಂಬಿಗೆಯನ್ನು ಧಾರೆಯ ಕೆಳಗೆ ಹಿಡಿದು, ‘ಸುರಿ’ ಎಂದು ಒಂದು ಸಲ ಹೇಳಿ, ಕೂಸು ತಿರುಗಿ ನೋಡುವವರೆಗೆ ಕಾಯಬಹುದು.